ತಾರಸಿಯ ಮೇಲೆ ನೆರಳಿನ ಗೆರೆ

ಅಮೃತಹಳ್ಳಿ, ಬೆಂಗಳೂರು, ಮಾರ್ಚ್ 2024ರಿಂದ ಜನವರಿ 2025

8 ಮಾರ್ಚ್, ಶುಕ್ರವಾರ. ಶಿವರಾತ್ರಿ

ಜಲಮಂಡಳಿಯ ಆದೇಶ ಬಂದಿದೆ. ಕುಡಿಯುವ ನೀರಿನಲ್ಲಿ ಕಾರು ತೊಳೆಯುವಂತಿಲ್ಲ, ಕಟ್ಟಡದ ಕೆಲಸಕ್ಕೆ ಬಳಸುವಂತಿಲ್ಲ, ಕೈತೋಟಕ್ಕೆ ಹಾಕುವಂತಿಲ್ಲ. ತಪ್ಪಿದರೆ 5000 ರೂಪಾಯಿ ದಂಡ. ಟಿವಿಯಲ್ಲಿ ಕೇಳಿದವಳೇ ತಾರಸಿಗೆ ಹೋಗಿ ಪೈಪು ಸುತ್ತಿ ಕೊಕ್ಕೆಗೆ ಹಾಕಿ ಬಂದೆ. ನ್ಯಾಯವಾದ ಆದೇಶವೇ. ಊರಿಗೆ ಕುಡಿಯಲು ಇಲ್ಲದಾಗ ಬದನೆ ಗಿಡಕ್ಕೆ ಕಾವೇರಿ ನೀರು ಯಾಕೆ? ಆದರೂ ಗಿಡಗಳ ಕಡೆ ನೋಡಲು ಮನಸ್ಸಾಗಲಿಲ್ಲ.

ಅತ್ತೆ ಜಾಗರಣೆಗೆ ಕೂತಿದ್ದಾರೆ. "ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೋಗ್ತದೆ" ಎಂದರು. ಈ ವರ್ಷ ಅಷ್ಟು ದಿನವೂ ನಿಲ್ಲಲಿಲ್ಲ.

ಇವತ್ತಿನಿಂದ ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರು ಒಂದು ಬಕೆಟ್ಟಿಗೆ. ಬಟ್ಟೆ ಜಾಲಿಸಿದ ಕೊನೆಯ ನೀರು ಇನ್ನೊಂದಕ್ಕೆ. ಅದು ಹೂವಿನ ಗಿಡಕ್ಕೆ ಮಾತ್ರ.

17 ಮಾರ್ಚ್, ಭಾನುವಾರ

ಯಾವುದನ್ನು ಉಳಿಸಿಕೊಳ್ಳುವುದು, ಯಾವುದನ್ನು ಬಿಡುವುದು ಎಂದು ಪಟ್ಟಿ ಮಾಡಿದೆ. ಉಳಿಯುವುದು: ಕರಿಬೇವು, ನಿಂಬೆ, ಮಲ್ಲಿಗೆ, ದಾಸವಾಳ, ಬಸಳೆ. ಬಿಡುವುದು: ಟೊಮೆಟೊ, ಹೀರೆ, ದಂಟು. ಒಂದೆಲಗ ಆಗಲೇ ಹೋಯಿತು.

ಟ್ಯಾಂಕರಿಗೆ ಜಿಲ್ಲಾಡಳಿತ ದರ ಗೊತ್ತುಮಾಡಿದೆ. ಐದು ಕಿಲೋಮೀಟರ್ ಒಳಗೆ 12 ಸಾವಿರ ಲೀಟರಿಗೆ 1000 ರೂಪಾಯಿ. ಫೋನ್ ಮಾಡಿದರೆ ನಾಲ್ಕು ದಿನ ಕಾಯಬೇಕು ಎನ್ನುತ್ತಾರೆ.

ಕುಡಿಯುವ ನೀರಿನ ಫಿಲ್ಟರ್ ಹೊರಗೆ ಬಿಡುವ ನೀರನ್ನು ಗಿಡಕ್ಕೆ ಹಾಕಬಹುದಲ್ಲ ಎಂದು ಇವರು ಕೇಳಿದರು. ಕುಂಡದ ಅಂಚು ತೋರಿಸಿದೆ. ಬಿಳಿ ಉಪ್ಪು ಹಕ್ಕಳೆ ಕಟ್ಟಿದೆ. ಉಗುರಲ್ಲಿ ಕೆರೆದರೆ ಪುಡಿ ಉದುರುತ್ತದೆ. ಆ ನೀರು ನೆಲ ಒರೆಸಲು ಸಾಕು.

ಬೀದಿಯ ಹೊಂಗೆ ಎಲೆ ಉದುರಿಸಿ ಆಗಲೇ ಹೊಸ ಎಲೆ ಹೊತ್ತಿದೆ. ಕಸದ ಗಾಡಿ ಬರುವ ಮೊದಲೇ ತರಗೆಲೆ ಒಂದು ಚೀಲ ತುಂಬಿಸಿ ತಂದು ಕುಂಡಗಳ ಮೇಲೆ ಹೊದಿಸಿದೆ. ಸಂಜೆ ಬೆರಳು ಇಳಿಸಿ ನೋಡಿದೆ. ಎಲೆ ಹೊದಿಸಿದ ಕುಂಡದಲ್ಲಿ ಎರಡನೇ ಗೆಣ್ಣಿಗೇ ತಂಪು. ಹೊದಿಸದ್ದರಲ್ಲಿ ಬೆರಳೇ ಇಳಿಯಲಿಲ್ಲ.

9 ಏಪ್ರಿಲ್. ಯುಗಾದಿ

ಪಕ್ಕದ ಖಾಲಿ ಸೈಟಿನಲ್ಲಿ ಪೂಜೆ. ನಮ್ಮ ದಕ್ಷಿಣಕ್ಕೆ ಇರುವ ಸೈಟು. ಇಷ್ಟು ವರ್ಷ ಅಲ್ಲಿ ಎಕ್ಕ, ಲಂಟಾನ, ಒಂದು ಬೇವಿನ ಗಿಡ. ಇವತ್ತಿನ ಬೇವಿನ ಹೂವೂ ಅದರದ್ದೇ. ಮಧ್ಯಾಹ್ನದೊಳಗೆ ಕಡಿದರು.

10 ಏಪ್ರಿಲ್

ನಿನ್ನೆ ಸಂಜೆ ಬೋರ್‌ವೆಲ್ ಲಾರಿ ಬಂತು. ರಾತ್ರಿಯೆಲ್ಲ ಕೊರೆದರು. ಬೆಳಿಗ್ಗೆ ನೋಡಿದರೆ ಕರಿಬೇವಿನ ಮೇಲೆ ಬೂದು ಧೂಳು. ತೊಳೆಯಲು ನೀರಿಲ್ಲ. ಹಳೇ ಬನಿಯನ್ ಒದ್ದೆ ಮಾಡಿ ಒಂದೊಂದೇ ಎಲೆ ಒರೆಸಿದೆ.

24 ಏಪ್ರಿಲ್, ಬುಧವಾರ

ಶೂನ್ಯ ನೆರಳಿನ ದಿನ. ಬೆಂಗಳೂರಿನಲ್ಲಿ ವರ್ಷಕ್ಕೆ ಎರಡೇ ಸಲ, ಈಗೊಮ್ಮೆ, ಆಗಸ್ಟ್ 18ಕ್ಕೊಮ್ಮೆ. 12 ಗಂಟೆ 17 ನಿಮಿಷಕ್ಕೆ ಕೋಲು ನೆಟ್ಟೆ. ನೆರಳು ಬುಡದೊಳಗೇ ಅಡಗಿತು. ಇವತ್ತಿನಿಂದ ನಡು ಹಗಲಿನ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ವಾಲುತ್ತಾನೆ. ಆಗಸ್ಟ್‌ನಲ್ಲಿ ಮತ್ತೆ ದಕ್ಷಿಣಕ್ಕೆ.

ದಕ್ಷಿಣಕ್ಕೆ ಎಂದು ಬರೆದ ಮೇಲೆ ಹೊಳೆಯಿತು. ಆ ಕಡೆ ಈಗ ಪಾಯ ತೋಡುತ್ತಿದ್ದಾರೆ. ಎಷ್ಟು ಅಂತಸ್ತು ಎಂದು ಗೊತ್ತಿಲ್ಲ.

30 ಏಪ್ರಿಲ್

ಮೊನ್ನೆ ಭಾನುವಾರ 38.5 ಡಿಗ್ರಿ. ತಿಂಗಳಿಡೀ ಒಂದು ಹನಿ ಇಲ್ಲ. 1983ರ ಬಳಿಕ ಮಳೆಯಿಲ್ಲದ ಏಪ್ರಿಲ್ ಇದೇ ಮೊದಲಂತೆ. ಭರಣಿ ಮಳೆ ಹುಟ್ಟಿ ಮೂರು ದಿನವಾಯಿತು. "ಭರಣಿ ಬಂದ್ರೆ ಧರಣಿಯೆಲ್ಲಾ ಬೆಳೆ" ಎನ್ನುತ್ತ ಅತ್ತೆ ದಿನಕ್ಕೆ ಹತ್ತು ಸಲ ಬಾಗಿಲಿಗೆ ಬಂದು ಆಕಾಶ ನೋಡುತ್ತಾರೆ.

ಮಲ್ಲಿಗೆ ಮೊಗ್ಗು ಬಿಡುತ್ತಿದೆ, ಅದೂ ರಾಶಿ. ಬಿಸಿಲಿಗೆ ಖುಷಿಪಡುವ ಒಂದೇ ಗಿಡ.

3 ಮೇ, ರಾತ್ರಿ 9

ಮಳೆ. ಮಳೆ. ಬೀದಿಯಲ್ಲಿ ಮಕ್ಕಳು ಕುಣಿದರು, ಯಾರೋ ಶಿಳ್ಳೆ ಹಾಕಿದರು. ಅತ್ತೆ ಮಂಡಿನೋವು ಮರೆತು ಮೆಟ್ಟಿಲು ಹತ್ತಿ ಬಂದುಬಿಟ್ಟರು. ಇಬ್ಬರೂ ನೆನೆದೆವು.

ಬಕೆಟ್ಟು, ಡ್ರಮ್ಮು, ಪಾತ್ರೆ, ಎಲ್ಲಾ ಹೊರಗಿಟ್ಟಿದ್ದೇನೆ.

3 ಜೂನ್, ಸೋಮವಾರ

ನಿನ್ನೆ ಒಂದೇ ದಿನ 111.1 ಮಿಲಿಮೀಟರ್. ಜೂನ್ ತಿಂಗಳ ಒಂದು ದಿನದಲ್ಲಿ 133 ವರ್ಷಗಳಿಂದ ಇಷ್ಟು ಸುರಿದಿರಲಿಲ್ಲವಂತೆ. ಒಂದು ತಿಂಗಳ ಹಿಂದೆ ಲೋಟದಲ್ಲಿ ಅಳೆದು ಹಾಕುತ್ತಿದ್ದವಳು ಇವತ್ತು ಕುಂಡ ಓರೆ ಮಾಡಿ ನೀರು ಚೆಲ್ಲಿದೆ.

ಕೆಮ್ಮಣ್ಣು ಹೆಚ್ಚಿರುವ ಕುಂಡಗಳಲ್ಲಿ ನೀರು ನಿಂತಿದೆ. ಕೆಳಗಿನ ತೂತಿಗೆ ಬೇರು ಅಡ್ಡ ಬಂದು ಮುಚ್ಚಿಕೊಂಡಿದೆ. ಸ್ಕ್ರೂಡ್ರೈವರ್‌ನಲ್ಲಿ ಚುಚ್ಚಿದರೆ ಕೊಳೆತ ವಾಸನೆಯ ನೀರು ಸುರಿಯಿತು. ಇನ್ನು ಮಣ್ಣು, ತೆಂಗಿನ ನಾರಿನ ಪುಡಿ, ಎರೆಗೊಬ್ಬರ ಸಮಪಾಲು, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ. ಎಲ್ಲ ಕುಂಡವನ್ನೂ ಇಟ್ಟಿಗೆ ಮೇಲೆ ಎತ್ತಿಡಬೇಕು. ನಡುಮನೆಯ ಸೂರಿನಲ್ಲಿ ತೇವದ ಕಲೆ ಕಾಣುತ್ತಿದೆ ಎಂದು ಇವರ ತಕರಾರು. ಕಲೆ ಇರುವುದು ನಿಜ.

23 ಜೂನ್, ಭಾನುವಾರ

ಪಕ್ಕದ ಸೈಟಿನ ತಗಡಿನ ಶೆಡ್ಡಿನಲ್ಲಿ ಒಂದು ಸಂಸಾರ ಇದೆ. ಯಾದಗಿರಿ ಕಡೆಯವರು. ಗಂಡ ಕಂಬಿ ಕಟ್ಟುತ್ತಾನೆ, ಅವಳು ಕಲ್ಲು, ಮರಳು ಹೊರುತ್ತಾಳೆ. ಎರಡು ವರ್ಷದ ಕೂಸು. ಕಾಂಪೌಂಡ್ ಮೇಲಿಂದ ಬಸಳೆ ಸೊಪ್ಪು ಕೊಟ್ಟೆ. ಸಂಜೆ ಸೆರಗಿನ ಗಂಟು ಬಿಚ್ಚಿ ಬೀಜ ತೋರಿಸಿದಳು. ಬೂದು ಬಣ್ಣ, ಮೂಲೆ ಮೂಲೆಯಾದ ಸಣ್ಣ ಕಾಳು.

"ಪುಂಡಿ ಬೀಜ ಅದಾವ್ರಿ ಅಕ್ಕಾರ. ನಮಗ ಹಚ್ಚಾಕ ಜಾಗಾ ಇಲ್ಲ. ನೀವು ಹಚ್ರಿ, ನನಗೂ ನಾಕು ಸೊಪ್ಪು ಕೊಡ್ರಿ."

ಊರಿಂದ ಹೊರಡುವಾಗ ಕಟ್ಟಿಕೊಂಡು ಬಂದದ್ದಂತೆ. ನೆಡಲು ಜಾಗ ಸಿಕ್ಕೀತು ಎಂದು ತಂದಳೋ, ಸುಮ್ಮನೆ ಇರಲಿ ಎಂದೋ, ಕೇಳಲಿಲ್ಲ.

14 ಜುಲೈ, ಭಾನುವಾರ

ಪುನರ್ವಸು. ಜಡಿಮಳೆ ಅಲ್ಲ, ಸೋನೆ. ಆಷಾಢದ ಗಾಳಿ. ಮಧ್ಯಾಹ್ನ ಎರಡಕ್ಕೂ ಸ್ವೆಟರ್ ಬೇಕು. ಒಂಬೈನೂರು ಮೀಟರ್ ಮೇಲಿರುವ ಊರು ಎಂಬುದು ಈ ತಿಂಗಳು ನೆನಪಾಗುತ್ತದೆ.

ಅವರೆ ಹಾಕಿದೆ, ಎರಡು ಬಗೆ. ಒಂದು, ಜಿಕೆವಿಕೆಯಿಂದ ತಂದ ಹೆಬ್ಬಾಳ ಅವರೆ 4. ಕೃಷಿ ವಿಶ್ವವಿದ್ಯಾಲಯದವರ ತಳಿ. ಹಗಲು ಉದ್ದವಿರಲಿ, ಗಿಡ್ಡವಿರಲಿ, ಯಾವಾಗ ಹಾಕಿದರೂ ಹೂ ಬಿಡುತ್ತದೆ. ಗಿಡವೂ ಪೊದೆಯಂತೆ ನಿಲ್ಲುತ್ತದೆ. ಇನ್ನೊಂದು, ಅತ್ತೆಯ ತವರು ವಿಜಯಪುರ ಕಡೆಯ ನಾಟಿ ಅವರೆ, ಬಳ್ಳಿ. ಅದು ಹಗಲು ಕುಗ್ಗುವವರೆಗೂ ಎಲೆಯನ್ನೇ ಬೆಳೆಸುತ್ತ ಕೂರುತ್ತದೆ. ನಾಟಿ ಅವರೆಯನ್ನು ದಕ್ಷಿಣದ ಗೋಡೆಗೆ ಇಟ್ಟಿದ್ದೇನೆ. ಚಳಿಗಾಲದ ಬಿಸಿಲು ಹೆಚ್ಚು ಹೊತ್ತು ನಿಲ್ಲುವುದು ಅಲ್ಲೇ.

ಪಕ್ಕದಲ್ಲಿ ಎರಡನೇ ಮೋಲ್ಡ್ ಬಿತ್ತು. ಈಗ ನಮ್ಮ ತಾರಸಿಯ ಮಟ್ಟ.

28 ಜುಲೈ

ಬಸವನಹುಳು. ಮುಷ್ಟಿಯಷ್ಟು ದಪ್ಪದವು. ಆಫ್ರಿಕಾದಿಂದ ಬಂದ ಜಾತಿ. ರಾತ್ರಿ ಟಾರ್ಚ್ ಹಿಡಿದು ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕುತ್ತೇನೆ. ಹಾಕುವಾಗ ಸಂಕಟ. ಹಾಕದಿದ್ದರೆ ದಂಟಿನ ಸಸಿ ಒಂದೂ ಉಳಿಯುವುದಿಲ್ಲ. ಇದಕ್ಕೆ ಸಮಾಧಾನ ಹುಡುಕಿಕೊಳ್ಳಲಾರೆ. ಕೆಲಸ ಮುಗಿಸಿ ಕೈ ತೊಳೆದು ಮಲಗುತ್ತೇನೆ.

ಸೀಮೆಬದನೆ ಮಾತ್ರ ಈ ತಂಪಿಗೆ ಹಿಗ್ಗಿದೆ. ಮೊಳಕೆ ಬಂದ ಇಡೀ ಕಾಯನ್ನೇ ಮೇನಲ್ಲಿ ಮಣ್ಣಿಗಿಟ್ಟದ್ದು. ಈಗ ನೀರಿನ ಟ್ಯಾಂಕ್ ಹತ್ತಿ ಆಚೆ ಇಳಿಯುತ್ತಿದೆ. ಜಾನ್ ಕ್ಯಾಮರಾನ್ ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ ಈ ಊರಿಗೆ ಬಂದ ಬಳ್ಳಿ. ತಮಿಳರು ಇದನ್ನು ಬೆಂಗಳೂರು ಬದನೆ ಎನ್ನುತ್ತಾರೆ. ಊರು ಒಪ್ಪಿಕೊಂಡರೆ ಹೀಗೆ ಒಪ್ಪಿಕೊಳ್ಳಬೇಕು.

12 ಆಗಸ್ಟ್, ಸೋಮವಾರ

ಬೆಳಗಿನ ಜಾವದಿಂದ ಜೋರು ಮಳೆ. ಟೊಮೆಟೊ ಎಲೆಗಳಲ್ಲಿ ಕಂದು ಮಚ್ಚೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ. ಎಲೆ ಮುಟುರು, ದುಂಡಾಣು ಸೊರಗು, ಅಂಗಮಾರಿಯಲ್ಲಿ ಒಂದು ಬಗೆ, ಮೂರನ್ನೂ ತಡೆಯುತ್ತದೆ. ಇಷ್ಟು ದಿನ ಎಲೆ ಒಣಗದೇ ಇದ್ದರೆ ಯಾವ ತಳಿ ತಾನೇ ಏನು ಮಾಡೀತು. ಕೆಳಗಿನ ಎಲೆಗಳನ್ನೆಲ್ಲ ತೆಗೆದೆ. ಗಾಳಿ ಆಡಲಿ.

ಪುಂಡಿ ಮೊಣಕಾಲೆತ್ತರ. ಕೆಂಪು ಕಾಂಡ. ಮೊದಲ ಕುಯ್ಲು ಬೀಜ ಕೊಟ್ಟವಳಿಗೇ ಹೋಗಿತ್ತು. ಮಾರನೇ ದಿನ ಒಂದು ಬಟ್ಟಲು ಪುಂಡಿಪಲ್ಯ, ಜೋಳದ ರೊಟ್ಟಿ ಬಂತು. ಹುಳಿ, ಬೆಳ್ಳುಳ್ಳಿ, ಖಾರ. ಅತ್ತೆ ಮುದ್ದೆಗೆ ನಂಚಿಕೊಂಡು ಎರಡು ಸಲ ಬಡಿಸಿಕೊಂಡರು.

18 ಆಗಸ್ಟ್, ಭಾನುವಾರ

ಎರಡನೇ ಶೂನ್ಯ ನೆರಳು. ಮೋಡ ಸರಿದು ಸರಿದು ಬಂತು. ಕೋಲಿನ ನೆರಳು ಕಂಡಿತೋ ಇಲ್ಲವೋ ಎನ್ನುವಷ್ಟರಲ್ಲಿ ಮುಚ್ಚಿತು.

ನಾಳೆಯಿಂದ ಸೂರ್ಯ ಆ ಕಟ್ಟಡದ ಕಡೆಗೆ.

7 ಸೆಪ್ಟೆಂಬರ್. ಗಣೇಶ ಚತುರ್ಥಿ

ಗರಿಕೆ, ದಾಸವಾಳ, ಮಾಚಿಪತ್ರೆ, ಎಲ್ಲಾ ನಮ್ಮದೇ. ಹೆಬ್ಬಾಳ ಅವರೆ ಹೂ ಬಿಟ್ಟಿದೆ. ನಾಟಿ ಅವರೆ ಎಲೆ, ಎಲೆ, ಎಲೆ.

ಪಕ್ಕದಲ್ಲಿ ಮೂರನೇ ಮೋಲ್ಡ್‌ಗೆ ಸೆಂಟ್ರಿಂಗ್. ಮನೆ ಕಟ್ಟಿಸುವವರು ಪ್ರಸಾದ ತಂದುಕೊಟ್ಟರು. ಒಳ್ಳೆಯ ಜನ. ನಿವೃತ್ತಿಯ ಹಣವೆಲ್ಲ ಇದಕ್ಕೇ ಹಾಕಿದ್ದಾರಂತೆ. ಬಿಸಿಲಿನ ಮಾತು ಎತ್ತಬೇಕೆಂದುಕೊಂಡವಳು ಎತ್ತಲಿಲ್ಲ. ಎತ್ತಿ ಏನನ್ನು ಕೇಳುವುದು?

22 ಸೆಪ್ಟೆಂಬರ್, ಭಾನುವಾರ

ಹಗಲು ರಾತ್ರಿ ಸಮ. ನಡು ಹಗಲಿಗೆ ಮೊದಲ ಸಲ ಆ ಕಟ್ಟಡದ ನೆರಳು ನಮ್ಮ ಗೋಡೆ ಮುಟ್ಟಿತು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಸಂಜೆ ಮಳೆಗೆ ಅಳಿಸಿಹೋಯಿತು. ಮಿಕ್ಕಿದ್ದ ಗೇಟಿನ ಪೇಂಟ್ ತಂದು ಮತ್ತೆ ಎಳೆದೆ.

29 ಸೆಪ್ಟೆಂಬರ್

ಹೆಬ್ಬಾಳ ಅವರೆ ಮೊದಲ ಕುಯ್ಲು. ಕಾಳು ತುಂಬಿದೆ. ಒಂದು ಸಾರಿಗೆ ಆಗುವಷ್ಟು. ಅತ್ತೆ ಕಾಯಿ ಮೂಸಿ, "ಸೊಗಡೈತೆ, ಆದ್ರೆ ಇಬ್ಬನಿ ಕುಡೀದ ಕಾಯಿ ಕಣಮ್ಮ" ಎಂದರು. ನನಗೆ ಘಮ ಬಂತು. ಅವರಿಗೆ ಬೇಕಾದ ಘಮ ಬೇರೆ ತಿಂಗಳಿನದು.

15 ಅಕ್ಟೋಬರ್, ಮಂಗಳವಾರ

ಚಿತ್ತಾ ಮಳೆ. ಬೆಳಗಿನಿಂದ ಬಿಟ್ಟಿಲ್ಲ. ಮೆಂತ್ಯ, ಮೂಲಂಗಿ, ನವಿಲುಕೋಸು ಬಿತ್ತಬೇಕಿದ್ದ ವಾರ. ಟ್ರೇಗಳಲ್ಲಿ ಬೀಜ ತೇಲುತ್ತಿವೆ.

22 ಅಕ್ಟೋಬರ್, ಮಂಗಳವಾರ

ರಾತ್ರಿ ನಿದ್ದೆಯಿಲ್ಲ. ಯಲಹಂಕ ಮುಳುಗಿದೆ. ಅಲ್ಲಿನ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟ್‌ನಿಂದ ಜನರನ್ನು ದೋಣಿಯಲ್ಲಿ ಹೊರತರುತ್ತಿರುವುದನ್ನು ಟಿವಿಯಲ್ಲಿ ನೋಡಿದೆವು. ಮಾರ್ಚ್‌ನಲ್ಲಿ ಟ್ಯಾಂಕರಿಗೆ ಕಾದ ಊರು ಇದೇ.

ಪಕ್ಕದ ಶೆಡ್ಡಿಗೆ ನೀರು ನುಗ್ಗಿತು. ಕೂಸನ್ನು ಎತ್ತಿಕೊಂಡು ಅವಳು ನಮ್ಮ ಮನೆಗೆ ಬಂದಳು. ಹಾಲು ಬಿಸಿ ಮಾಡಿ ಕೊಟ್ಟೆ. ಮಧ್ಯಾಹ್ನ ಸುದ್ದಿ: ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು ಕೂಲಿಯವರು ಒಳಗೆ ಸಿಕ್ಕಿಕೊಂಡಿದ್ದಾರೆ. ಟಿವಿ ಆರಿಸಿದೆ. ಅವಳು ಆಗಲೇ ನೋಡಿಬಿಟ್ಟಿದ್ದಳು. ಏನೂ ಮಾತಾಡಲಿಲ್ಲ. ಮಳೆ ನಿಂತ ತಕ್ಷಣ ಗಂಡನನ್ನು ನೋಡಲು ಓಡಿದಳು.

ಗಿಡಗಳ ಬಗ್ಗೆ ಇವತ್ತು ಬರೆಯುವುದಿಲ್ಲ.

25 ಅಕ್ಟೋಬರ್

ಹೆಬ್ಬಾಳ ಅವರೆ ಬೇರು ಕೊಳೆತು ಹೋಯಿತು. ಕಿತ್ತರೆ ಸುಲಭವಾಗಿ ಬಂತು, ಬೇರಿನ ಸಿಪ್ಪೆ ಬೆರಳಲ್ಲಿ ಉಳಿಯಿತು. ನಾಟಿ ಅವರೆ ಗಟ್ಟಿಯಾಗಿದೆ. ಪುಂಡಿಯೂ. ಹಳದಿ ಹೂ, ನಡುವೆ ಕಡುಗೆಂಪು.

ನೆರಳು ಪೇಂಟಿನ ಗೆರೆ ದಾಟಿ ಒಳಗೆ ಬಂದಿದೆ. ಹೊಸ ಗೆರೆ ಎಳೆದೆ.

10 ನವೆಂಬರ್, ಭಾನುವಾರ

ಒಂದು ವಿಚಿತ್ರ. ನೀರಿನ ಟ್ಯಾಂಕ್ ಹಿಂದೆ ಹಬ್ಬಿದ ಅವರೆ ಬಳ್ಳಿ ಹೂ ಬಿಟ್ಟಿದೆ. ಗೋಡೆಯ ಉದ್ದಕ್ಕೂ ಇರುವ, ಅದೇ ದಿನ ಹಾಕಿದ, ಅದೇ ಬೀಜದ ಬಳ್ಳಿಗಳಲ್ಲಿ ಒಂದು ಮೊಗ್ಗೂ ಇಲ್ಲ. ಗೊಬ್ಬರವೂ ಒಂದೇ. ಸೇವಂತಿಗೆಯೂ ಹಾಗೇ, ಗೋಡೆ ಕಡೆಯದರಲ್ಲಿ ಮೊಗ್ಗಿಲ್ಲ, ಟ್ಯಾಂಕ್ ಕಡೆಯದು ತುಂಬಿದೆ.

16 ನವೆಂಬರ್, ಶನಿವಾರ

ಜಿಕೆವಿಕೆ ಕೃಷಿಮೇಳ. ಕಾಲಿಡಲು ಜಾಗವಿಲ್ಲದಷ್ಟು ಜನ. ಅವರೆಯ ಮಳಿಗೆಯಲ್ಲಿ ಒಬ್ಬ ಮೇಡಂಗೆ ಕೇಳಿದೆ. ಅವರು ತಿರುಗಿ ಒಂದೇ ಪ್ರಶ್ನೆ ಕೇಳಿದರು: "ಆ ಗೋಡೆ ಹತ್ತಿರ ರಾತ್ರಿ ಲೈಟ್ ಉರಿಯುತ್ತಾ?"

ಉರಿಯುತ್ತದೆ. ಪಕ್ಕದ ಸೈಟಿನ ದೊಡ್ಡ ಫೋಕಸ್ ಲೈಟ್, ರಾತ್ರಿಯಿಡೀ, ನಮ್ಮ ತಾರಸಿಗೆ ನೇರವಾಗಿ.

ನಾಟಿ ಅವರೆ, ಸೇವಂತಿಗೆ ಎರಡೂ ಅಳೆಯುವುದು ರಾತ್ರಿಯನ್ನು. ಕತ್ತಲು ಸಾಕಷ್ಟು ಉದ್ದ, ಎಡೆಬಿಡದೆ ಸಿಕ್ಕರೆ ಮಾತ್ರ ಹೂ ಕಟ್ಟುತ್ತವೆ. ನಡುವೆ ಬೆಳಕು ಬಿದ್ದರೆ ಬೇಸಿಗೆ ಎಂದೇ ತಿಳಿದುಕೊಳ್ಳುತ್ತವೆ. ನೀರಿನ ಟ್ಯಾಂಕ್ ಹಿಂದಿನ ಬಳ್ಳಿಗೆ ಕತ್ತಲು ಸಿಕ್ಕಿದೆ. ಅಷ್ಟೇ ವಿಷಯ.

ಹಗಲಿನ ಬಿಸಿಲೂ ಹೋಯಿತು, ರಾತ್ರಿಯ ಕತ್ತಲೂ ಹೋಯಿತು. ಬಸ್ಸಿನಲ್ಲಿ ಕೂತು ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ.

17 ನವೆಂಬರ್

ಲೈಟ್ ಆರಿಸಲು ಆಗುತ್ತದೆಯೇ ಎಂದು ಪಕ್ಕದ ಶೆಡ್ಡಿನವಳನ್ನು ಕೇಳಿದೆ.

"ಕಂಬಿ, ಸಿಮೆಂಟ್ ಕಾಯಬೇಕಲ್ರಿ ಅಕ್ಕಾರ. ಮತ್ತ ಕೂಸು ಕತ್ತಲಿಗೆ ಭಾಳ ಅಂಜತದ. ಆವತ್ತ ನೀರು ಬಂದಾಗಿಂದ."

ಮತ್ತೆ ಕೇಳಲಿಲ್ಲ. ಹಳೇ ಕಂಬಳಿ, ಎರಡು ಬಿದಿರು ಕೋಲು. ಸಂಜೆ ಆರಕ್ಕೆ ಕಟ್ಟುವುದು, ಬೆಳಿಗ್ಗೆ ಆರಕ್ಕೆ ಬಿಚ್ಚುವುದು.

2 ಡಿಸೆಂಬರ್, ಸೋಮವಾರ

ತಮಿಳುನಾಡಿನ ಕರಾವಳಿಗೆ ಬಡಿದ ಚಂಡಮಾರುತದ ಬಾಲ. ಎರಡು ದಿನದಿಂದ ತುಂತುರು, ಬಿಸಿಲಿಲ್ಲ, ಕೈ ಸೆಡೆಯುವ ಚಳಿ. ಮೋಡ ಕವಿದರೆ ಅವರೆಗೆ ಹೇನು. ಕುಡಿಗಳಲ್ಲಿ ಕಪ್ಪಗೆ ಮುತ್ತಿವೆ. ಬೇವಿನೆಣ್ಣೆ ಹೊಡೆಯಲು ಹೊರಟವಳು ಎಲೆ ಮಗುಚಿದಾಗ ಗುಲಗಂಜಿ ಹುಳದ ಮರಿಗಳನ್ನು ಕಂಡು ನಿಂತೆ. ಹೇನು ತಿನ್ನಲು ಬಂದಿವೆ. ಎರಡು ದಿನ ನೋಡುವುದು.

ಕಂಬಳಿ ಕಟ್ಟಿದ ಕಡೆ ಮೊಗ್ಗು! ಸಣ್ಣವು, ಆದರೆ ಮೊಗ್ಗೇ.

21 ಡಿಸೆಂಬರ್, ಶನಿವಾರ

ವರ್ಷದ ಅತಿ ಗಿಡ್ಡ ಹಗಲು. ಪಕ್ಕದ ಕಟ್ಟಡ ನಮಗಿಂತ ಎರಡು ಅಂತಸ್ತು ಮೇಲೆ. ನಡು ಹಗಲಿಗೂ ನೆರಳು ತಾರಸಿಯ ಅರ್ಧಕ್ಕೆ ಬಂದು ನಿಂತಿದೆ. ಕೊನೆಯ ಗೆರೆ ಎಳೆದೆ. ಇದಕ್ಕಿಂತ ಒಳಗೆ ಬರುವುದಿಲ್ಲ.

ಮಿಕ್ಕ ಬಿಸಿಲಿನಲ್ಲಿ ಅತ್ತೆಯ ಕುರ್ಚಿ ಇಡಬೇಕು, ಅವರೆಯ ಬ್ಯಾಗುಗಳನ್ನೂ ಇಡಬೇಕು. ಬೆಳಿಗ್ಗೆ ಒಂಬತ್ತಕ್ಕೆ ಮಂಡಿಗೆ ಬಿಸಿಲು ಕಾಯಿಸಲು ಒಂದೊಂದೇ ಮೆಟ್ಟಿಲು ಹತ್ತಿ ಬರುತ್ತಾರೆ. ಬ್ಯಾಗುಗಳನ್ನು ಹಿಂದಕ್ಕೆ ಎಳೆದೆ. ಅತ್ತೆ ಬೈದರು. "ನಂಗೆ ಬಿಸಿಲು ಎಲ್ಲಾರಾ ಸಿಗ್ತದೆ. ಕಾಯಿ ಕಟ್ಟೋ ಹೊತ್ತಲ್ಲಿ ಅದ್ಕೆ ನೆರಳು ಮಾಡ್ಬೇಡ ಕಣಮ್ಮ." ಕುರ್ಚಿಯನ್ನು ತಾವೇ ಗೆರೆಯ ಆಚೆಗೆ ಸರಿಸಿಕೊಂಡರು. ಹತ್ತೂವರೆಗೆ ಅವರು ಇಳಿದು ಹೋದ ಮೇಲೆ ಸರಿಸಿದರಾಯಿತು ಎಂದೆ. ಒಪ್ಪಲಿಲ್ಲ. ಹೊತ್ತಿಗೆ ತಕ್ಕಂತೆ ಎರಡನ್ನೂ ಸರಿಸುತ್ತ ದಿನ ಹೋಯಿತು.

29 ಡಿಸೆಂಬರ್

ಶೆಡ್ಡು ಕಳಚಿದರು. ಪ್ಲಾಸ್ಟರಿಂಗ್‌ಗೆ ಬೇರೆ ತಂಡ. ಅವಳು ಬಾಗಲೂರು ಕಡೆ ಹೊಸ ಸೈಟಿಗೆ. ಪುಂಡಿಯ ಒಣಗಿದ ಕಾಯಿ ಒಡೆದು ಅರ್ಧ ಬೀಜ ಕಟ್ಟಿಕೊಟ್ಟೆ. ಕಾಯಿಯ ಸುಂಕು ಬೆರಳಿಗೆ ಚುಚ್ಚಿಕೊಂಡು ಇನ್ನೂ ಉರಿಯುತ್ತಿದೆ. ಗಂಟನ್ನು ಅದೇ ಸೆರಗಿಗೆ ಕಟ್ಟಿಕೊಂಡಳು. ಅಲ್ಲಾದರೂ ಯಾರದಾದರೂ ತಾರಸಿ ಸಿಗಬೇಕು.

ಫೋಕಸ್ ಲೈಟ್ ಇಲ್ಲ. ಕಂಬಳಿ ಬಿಚ್ಚಿದೆ. ರಾತ್ರಿ ಕತ್ತಲಿದೆ. ಒಗ್ಗಲಿಲ್ಲ.

14 ಜನವರಿ 2025. ಸಂಕ್ರಾಂತಿ

ನಾಟಿ ಅವರೆ ಕುಯ್ದೆ. ಮಿಕ್ಕ ವರ್ಷಗಳ ಕಾಲು ಭಾಗವೂ ಇಲ್ಲ. ಇಬ್ಬನಿಯಲ್ಲಿ ನೆನೆದ ಕಾಯಿ, ಮುಟ್ಟಿದರೆ ಬೆರಳಿಗೆ ಎಣ್ಣೆಯ ಅಂಟು, ಆ ಘಮ ಸೋಪಿಗೂ ಹೋಗುವುದಿಲ್ಲ. ಅತ್ತೆಯ ಕೈಗೆ ಕೊಟ್ಟೆ. ಮೂಸಿ ಏನೂ ಹೇಳದೆ ಬಿಡಿಸಲು ಕೂತರು. ಹಿತಕಿದ ಬೇಳೆಗೆ ಸಾಲದು. ಮಾರ್ಕೆಟ್ಟಿನದು ಒಂದು ಕೆಜಿ ಸೇರಿಸಿದೆವು.

ನೆರಳು ಡಿಸೆಂಬರ್‌ನ ಗೆರೆಯಿಂದ ಹತ್ತಿರ ಹತ್ತಿರ ಒಂದು ಅಡಿ ಹಿಂದೆ ಸರಿದಿದೆ. ಗೆರೆಗಳನ್ನು ನೋಡುತ್ತ ಮುಂದಿನ ವರ್ಷದ್ದನ್ನು ಬರೆದುಕೊಂಡೆ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ತಾರಸಿ ಪೂರ್ತಿ ನಮ್ಮದು: ಬೆಂಡೆ, ಹೀರೆ, ಪುಂಡಿ. ಸೆಪ್ಟೆಂಬರ್ ದಾಟಿದ ಮೇಲೆ ದಕ್ಷಿಣದ ಅರ್ಧಕ್ಕೆ ಒಂದೆಲಗ, ಪುದೀನ, ದೊಡ್ಡಪತ್ರೆ. ಅವರೆ ಉತ್ತರದ ಗೋಡೆಗೆ. ಪಕ್ಕದವರು ಮೇಲೆ ಇನ್ನೊಂದು ರೂಮ್ ಏರಿಸಿದರೆ ಈ ಲೆಕ್ಕವೂ ನಿಲ್ಲುವುದಿಲ್ಲ. ಮೇಸ್ತ್ರಿಯನ್ನು ಕೇಳಿದೆ, ಇನ್ನೂ ಗೊತ್ತಿಲ್ಲ ಎಂದ.

ಎಳ್ಳು ಬೀರಲು ಹೋದಾಗ ಪಕ್ಕದ ಮನೆ ಕಟ್ಟಿಸುವವರೇ ಗೃಹಪ್ರವೇಶಕ್ಕೆ ಕರೆದರು. ಮೇಲೆ ಕರೆದುಕೊಂಡು ಹೋಗಿ ತೋರಿಸಿದರು. ಏನು ಬಿಸಿಲು ಅಲ್ಲಿ! ಒಂದು ಕಡೆಯಿಂದಲೂ ಅಡ್ಡಿಯಿಲ್ಲ. ಏನಾದರೂ ಬೆಳೆಯಬೇಕು ಎಂಬ ಆಸೆ ಅವರಿಗೂ ಇದೆಯಂತೆ, ಹೇಗೆ ಶುರು ಮಾಡುವುದೆಂದು ತಿಳಿಯದು. ಪುಂಡಿ ಬೀಜದ ಉಳಿದ ಅರ್ಧ ಡಬ್ಬಿಯಲ್ಲಿದೆ. ಗೃಹಪ್ರವೇಶಕ್ಕೆ ಹೋಗುವಾಗ ಒಂದು ಹಿಡಿ ತೆಗೆದುಕೊಂಡು ಹೋಗಬೇಕು. ಆ ಮನೆಗೆ ಕಲ್ಲು ಹೊತ್ತವಳು ಕೊಟ್ಟದ್ದು ಎಂದು ಹೇಳಿಯೇ ಕೊಡಬೇಕು. ಹಾಕುತ್ತಾರೋ, ಡಬ್ಬಿಯಲ್ಲೇ ಇಡುತ್ತಾರೋ.